ಲೆಕ್ಕದ ಮೊದಲ ಸಾಲಿನಲ್ಲಿ ಅಣ್ಣ

ನಮ್ಮ ಅಣ್ಣ ಬಹಳ ಒಳ್ಳೆಯವನು ಎಂದು ಕೂಡ್ಲಿಗಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಎಂದರೆ, ತಿಂಗಳ ಸಂಬಳವನ್ನು ಅವನ ಕೈಗೆ ಕೊಡದವರು. ನಾನು ನಾಲ್ಕು ವರ್ಷ ಕೊಟ್ಟವಳು. ಹಾಗಾಗಿ ಅವನ ಬಗ್ಗೆ ಮಾತಾಡುವ ಹಕ್ಕು ಅವರೆಲ್ಲರಿಗಿಂತ ನನಗೆ ಒಂದು ಕೈ ಹೆಚ್ಚೇ ಇದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಕೊಟ್ಟೂರಿನಿಂದ ಆಚೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಇದ್ದದ್ದು ಕೂಡ್ಲಿಗಿಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಬೆಳಿಗ್ಗೆ ಏಳರ ಬಸ್ಸಿಗೆ ಕೊಟ್ಟೂರು, ಅಲ್ಲಿಂದ ಕುರಿ ತುಂಬಿದಂತೆ ಜನ ತುಂಬುವ ಟೆಂಪೊದಲ್ಲಿ ಹಳ್ಳಿ. ಸಂಜೆ ಅದೇ ದಾರಿ ವಾಪಸು. ಅಣ್ಣನದು ಕಿರಾಣಿ ಅಂಗಡಿ. ಅಂಗಡಿಯ ದಾಸ್ತಾನು ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿತ್ತು, ದಾಸ್ತಾನಿನ ಜೊತೆ ನಾನಿರುತ್ತಿದ್ದೆ. ಒಂದು ಗೋಡೆಗೆ ಬೆಲ್ಲದ ಪೆಂಟೆಗಳು, ಇನ್ನೊಂದಕ್ಕೆ ಅಕ್ಕಿ, ಬೇಳೆ ಚೀಲಗಳು, ನಡುವೆ ನನ್ನ ಚಾಪೆ. ಬೆಲ್ಲಕ್ಕೆ ಬಂದ ಇರುವೆಗಳು ನನ್ನನ್ನೂ ದಾಸ್ತಾನಿನ ಲೆಕ್ಕಕ್ಕೇ ಹಿಡಿದಿದ್ದವು. ಒಂದು ಮಂಚ ತರಿಸು ಎಂದು ಮೂರು ಸಲ ಕೇಳಿದೆ. ಮಂಚ ಹಾಕಿದರೆ ಚೀಲ ಎಲ್ಲಿ ಇಡುವುದು ಎಂದು ಅವನು ಮೂರು ಸಲವೂ ತಾಳ್ಮೆಯಿಂದಲೇ ವಿವರಿಸಿದ.

ಆಗ ಸಂಬಳ ಬ್ಯಾಂಕಿಗೆ ಬರುತ್ತಿರಲಿಲ್ಲ. ಹೆಡ್‌ಮಾಸ್ಟರು ನಗದು ತಂದು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಂಡು ಕವರಿನಲ್ಲಿ ಕೊಡುತ್ತಿದ್ದರು. ಆ ಕವರನ್ನು ನಾನು ಮನೆಗೆ ತಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ದೇವರ ಜಗಲಿಯ ಮೇಲೆ ಇಡಬೇಕು. ದುಡಿದದ್ದು ಮೊದಲು ದೇವರ ಮುಂದೆ ಹೋಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅಪ್ಪನ ಕಾಲದಲ್ಲಿ ಇಟ್ಟವರೇ ಅದನ್ನು ಎತ್ತಿಕೊಳ್ಳುತ್ತಿದ್ದರು. ಅಣ್ಣ ಅದಕ್ಕೆ ಒಂದು ಬಾಲ ಸೇರಿಸಿದ: ದೇವರ ಮುಂದೆ ಇಟ್ಟದ್ದನ್ನು ಹೆಣ್ಣುಮಕ್ಕಳು ತಿರುಗಿ ಮುಟ್ಟಬಾರದು. ಅಂಗಡಿ ಮುಚ್ಚಿ ಬಂದು, ಕೈಮುಗಿದು, ಕವರು ಎತ್ತಿ ಜೇಬಿಗಿಳಿಸುತ್ತಿದ್ದ. ಬಸ್ಸಿನ ಖರ್ಚಿಗೆ ಎಂದು ನನಗೆ ಮುನ್ನೂರು ರೂಪಾಯಿ ಎಣಿಸಿ ಕೊಡುತ್ತಿದ್ದ. ನಾನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ನನ್ನ ಟ್ರೈನಿಂಗಿನ ಫೀಸು ಕಟ್ಟಿದವನು ಅವನು, ನಿಜ. ಅದನ್ನು ಮರೆಯಲು ಅವನು ಒಂದು ದಿನವೂ ಅವಕಾಶ ಕೊಡಲಿಲ್ಲ. ಉಚ್ಚಂಗಿದುರ್ಗದ ಕಡೆಯಿಂದ ಹುಡುಗನ ಮನೆಯವರು ಬಂದಾಗ, ಅವರಿಗೆ ಮಜ್ಜಿಗೆ ಕುಡಿಸಿ, ಈ ವರ್ಷ ಬೇಡ ಎಂದು ಸಾಗಹಾಕಿದವನೂ ಅವನೇ. ನನ್ನನ್ನು ಯಾರೂ ಕೇಳಲಿಲ್ಲ. ನಾನಾಗ ಶಾಲೆಯಲ್ಲಿದ್ದೆ.

ಒಂದು ತಿಂಗಳು ಸಹಿ ಹಾಕುವಾಗ ಸಂಬಳದ ಬಿಲ್ಲಿನಲ್ಲಿ ನನ್ನ ಹೆಸರಿನ ಮುಂದಿದ್ದ ಕಲಮುಗಳನ್ನು ಪೂರಾ ಓದಿದೆ. ಮೂಲವೇತನ, ತುಟ್ಟಿಭತ್ಯೆ, ಆಮೇಲೆ ‘ಮನೆ ಬಾಡಿಗೆ ಭತ್ಯೆ’ ಎಂದು ತೊಂಬತ್ತು ರೂಪಾಯಿ. ಇದೇನು ಸರ್ ಎಂದು ಹೆಡ್‌ಮಾಸ್ಟರನ್ನು ಕೇಳಿದೆ.

“ನೀವು ಮನಿ ಹಿಡಿದು ಇರಾಕ ಸರ್ಕಾರ ಕೊಡೋದ್ರಿ ಅದು. ನಾಕು ವರ್ಷದಿಂದ ತಗೋತಿದ್ದೀರಿ, ಈಗ ಕೇಳ್ತೀರಲ್ಲ!” ಎಂದು ನಕ್ಕರು.

ತೊಂಬತ್ತು ರೂಪಾಯಿಗೆ ಕೋಳಿಗೂಡೂ ಸಿಗುತ್ತಿರಲಿಲ್ಲ. ಆದರೂ ಆ ಕಲಮು ನನ್ನ ತಲೆಯೊಳಗೆ ಕೂತುಬಿಟ್ಟಿತು. ಸರ್ಕಾರದ ಕಾಗದದಲ್ಲಿ ನಾನು ಮನೆ ಮಾಡಿಕೊಂಡಿರುವ ಹೆಂಗಸು. ನಿಜದಲ್ಲಿ ಬೆಲ್ಲದ ಪಕ್ಕ ಮಲಗುವವಳು. ನನಗೊಂದು ಕೋಣೆ ಬೇಕು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ, ಎಂದು ಅವತ್ತೇ ನಿಶ್ಚಯ ಮಾಡಿದೆ.

ಕೊಟ್ಟೂರಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಒಬ್ಬ ಸಾಹುಕಾರರ ಮನೆಯ ಹಿಂಭಾಗ ಖಾಲಿಯಿತ್ತು. ಬಾಡಿಗೆ ನಾನೂರು ಎಂದು ಅವರ ಗುಮಾಸ್ತ ಹೇಳಿದ್ದ. ಸಾಹುಕಾರರು ಗಾದಿಗೆ ಒರಗಿ ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದರು. ಯಾವ ಶಾಲೆ, ಯಾವ ಜನ, ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ, ಎಲ್ಲ ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ ಹೇಳಿದರು: “ಹೆಣ್ಮಕ್ಕಳ ಕೂಡ ಬಾಡಿಗಿ ಮಾತಾಡಿದ್ರ ಚಲೋ ಕಾಣಂಗಿಲ್ಲ ಟೀಚರಮ್ಮ. ಮನ್ಯಾಗ ಗಂಡಸ್ರು ಯಾರದಾರ, ಅವರ್ನ ಕರ್ಕೊಂಡು ಬರ್ರಿ.”

ನನ್ನ ಮದುವೆಯ ವಿಷಯ ಹೆಣ್ಣುಮಕ್ಕಳ ಕೂಡ ಮಾತಾಡಬಹುದು, ಬಾಡಿಗೆಯ ವಿಷಯ ಮಾತ್ರ ಆಡಬಾರದು! ಹಾಗೆಂದು ಅವರ ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಹೋಗಿ ಅಣ್ಣನನ್ನು ಕರೆದೆ.

ಅವನು ಬೈಯಲಿಲ್ಲ, ಅದೇ ಆಶ್ಚರ್ಯ. ಮರುದಿನವೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಸಾಹುಕಾರರ ಮನೆಯಲ್ಲಿ ನನ್ನನ್ನು ಹೆಂಗಸರ ಕಡೆ ಕಳಿಸಿ, ಗಂಡಸರಿಬ್ಬರೂ ಪಡಸಾಲೆಯಲ್ಲಿ ಚಹಾ ಕುಡಿದರು. ಹೊರಗೆ ಬಂದಾಗ ಬಾಡಿಗೆ ಒಂಬೈನೂರು ಆಗಿತ್ತು. ಅಣ್ಣ ಏನು ಮಾಡಲಿ ಎಂಬಂತೆ ಕೈ ಚೆಲ್ಲಿದ. ಕೂಡ್ಲಿಗಿಗೆ ಬಂದ ಮೇಲೆ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹಳೆಯ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ ತೋರಿಸಿದ.

“ನೋಡವ್ವ. ನಿನ್ನ ಕೈಗೆ ಬರೋದು ಎರಡು ಸಾವಿರದ ಆರನೂರು. ಮನಿ ಖರ್ಚಿಗೆ ಎರಡು ಸಾವಿರ ಹೋತು. ಬಸ್ಸಿಗೆ ಮುನ್ನೂರು. ಏನುಳೀತು? ಮುನ್ನೂರು. ಮುನ್ನೂರಕ್ಕ ಎಲ್ಲೈತಿ ಮನಿ? ನನಗೇನು ನಿನ್ನ ಕಳಸಾಕ ಬ್ಯಾಸರಿಲ್ಲ. ಲೆಕ್ಕ ಒಪ್ಪವಲ್ದು.”

ನಾನು ಆ ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆ. ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸುವವಳು, ನನಗೆ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಪೆದ್ದಿ ಎಂದರೆ ಅಂಥಿಂಥ ಪೆದ್ದಿಯಲ್ಲ ನಾನು. ಕೊಟ್ಟೂರಿನಲ್ಲಿ ಮನೆ ಮಾಡಿದರೆ ಕೂಡ್ಲಿಗಿಯ ಬಸ್ಸು ಯಾಕೆ ಬೇಕು ಎಂದು ಕೂಡ ಹೊಳೆಯಲಿಲ್ಲ. ಸುಮ್ಮನೆ ಹೋಗಿ ಚೀಲಗಳ ನಡುವೆ ಮಲಗಿದೆ.

ಹದಿನೈದು ದಿನದ ಮೇಲೆ, ಶಾಲೆ ಬಿಟ್ಟು ಬರುವಾಗ, ಟೆಂಪೊ ಕೊಟ್ಟೂರಿನ ಹೊರಗೆ ಕೆಟ್ಟು ನಿಂತಿತು. ಎದುರಿಗೇ ಒಂದು ಗ್ಯಾರೇಜು, ಅದರ ಹಿಂದೆ ಮೇಸ್ತ್ರಿಯ ಮನೆ. ಮೇಸ್ತ್ರಿಯ ತಾಯಿಯನ್ನು ಆ ಓಣಿಯಲ್ಲಿ ಎಲ್ಲರೂ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನೀರು ಕೊಟ್ಟರು, ಕೂರಿಸಿದರು. ಅಂಗಳದ ಆಚೆ ಬೀಗ ಹಾಕಿದ್ದ ಒಂದು ಕೋಣೆ ಕಂಡು, ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದೆ.

“ಕೊಡ್ತೀನಿ. ನಿನಗ ಎಷ್ಟು ಕೊಡಾಕ ಆಗ್ತೈತಿ?” ಎಂದರು.

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ. ಬ್ಯಾಗಿನಿಂದ ಪಾಠದ ಟಿಪ್ಪಣಿ ಪುಸ್ತಕ ತೆಗೆದು ಕೊನೆಯ ಹಾಳೆಯಲ್ಲಿ ಬರೆಯತೊಡಗಿದೆ. ಖಾಲಾಗೆ ಓದು ಬರುತ್ತಿರಲಿಲ್ಲ, ಗಟ್ಟಿಯಾಗಿ ಹೇಳುತ್ತ ಬರಿ ಎಂದರು.

“ಅಣ್ಣನಿಗೆ ಎರಡು ಸಾವಿರ,” ಎಂದೆ.

“ಅಣ್ಣಗ್ಯಾಕ? ಅಂವಗ ಕೈಕಾಲಿಲ್ಲೇನು?”

“ಅದಾವು. ಕಿರಾಣಿ ಅಂಗಡಿ ಐತಿ ಅಂವಂದು.”

“ಹಂಗಾರ ಹೊಡಿ ಅದನ್ನ. ಮುಂದ ಹೇಳು.”

ಆ ಸಾಲಿನ ಮೇಲೆ ಗೀಟು ಎಳೆಯಲು ನನ್ನ ಕೈ ಏಳಲೇ ಇಲ್ಲ. ಖಾಲಾ ಕಾದರು. ಎಳೆದೆ. ಆಮೇಲೆ ಜೋಳ ತಿಂಗಳಿಗೆ ಎಷ್ಟು ಬೇಕು ಎಂದರು. ಗೊತ್ತಿಲ್ಲ. ಸೀಮೆಎಣ್ಣೆ ಲೀಟರಿಗೆ ಎಷ್ಟು? ಗೊತ್ತಿಲ್ಲ. ಕಿರಾಣಿ ಅಂಗಡಿಯ ಮನೆಯಲ್ಲಿ, ಬೇಳೆಚೀಲಕ್ಕೆ ತಲೆಕೊಟ್ಟು ಮಲಗುವ ನನಗೆ ಒಂದು ಸೇರು ಬೇಳೆಯ ಬೆಲೆ ಗೊತ್ತಿರಲಿಲ್ಲ. “ಯಾ ಅಲ್ಲಾ, ಇಂಥಾಕಿ ಮಕ್ಕಳಿಗೆ ಏನು ಕಲಸ್ತಾಳೋ!” ಎಂದು ಖಾಲಾ ಹಣೆ ಬಡಿದುಕೊಂಡು ಒಂದೊಂದೇ ಬೆಲೆ ತಾವೇ ಹೇಳಿದರು. ಊಟದ ಸಾಮಾನಿಗೆ ಆರುನೂರು. ಹಾಲು, ಸೀಮೆಎಣ್ಣೆ, ಸೋಪಿಗೆ ನೂರೈವತ್ತು. ಟೆಂಪೊಗೆ ನೂರು. ಕೋಣೆಗೆ ಮುನ್ನೂರೈವತ್ತು. ಇಷ್ಟೆಲ್ಲ ಕಳೆದರೂ ಸಾವಿರದ ನಾನೂರು ಉಳಿಯಿತು. ತಪ್ಪಿರಬೇಕು ಎಂದು ಮತ್ತೆ ಕೂಡಿದೆ. ಅಷ್ಟೇ ಉಳಿಯಿತು.

ಮುನ್ನೂರು ಮಾಡಿಕೊಳ್ಳಿ ಎಂದರೆ ಖಾಲಾ ಒಪ್ಪಲಿಲ್ಲ. “ಐದನೇ ತಾರೀಖಿಗೆ ನನ್ನ ಕೈಗೆ ಬರಬೇಕು. ಆರನೇ ತಾರೀಖು ಆದ್ರ ನಿನ್ನ ಬಾಗಿಲ ಮುಂದ ಬಂದು ಕುಂದ್ರತೀನಿ, ಟೀಚರು ಗೀಚರು ನೋಡಂಗಿಲ್ಲ,” ಎಂದರು. ಆಮೇಲೆ ಒಂದು ಮಾತು ಕೇಳಿದರು: “ಆ ಕಾಳಿನ ಸಾಹುಕಾರ ಒಂಬೈನೂರು ಬಾಡಿಗಿ ಹೇಳಿದ ಟೀಚರು ನೀನೇ ಏನು?”

ಸಾಹುಕಾರರು ಟ್ರ್ಯಾಕ್ಟರ್ ರಿಪೇರಿಗೆ ಈ ಗ್ಯಾರೇಜಿಗೇ ಬರುತ್ತಿದ್ದರು. ಟೀಚರಮ್ಮನ ಅಣ್ಣ ಬಂದು, ಒಂಬೈನೂರು ಹೇಳ್ರಿ, ಆಕಿ ತಾನೇ ಸುಮ್ಮನಾಗ್ತಾಳ ಅಂದ ಎಂದು ಅಲ್ಲೇ ನಿಂತು ನಗುತ್ತ ಹೇಳಿದ್ದರಂತೆ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರಂತೆ. ಇಸ್ತ್ರಿ ಅಂಗಿ ತೊಟ್ಟು ಅವನು ಯಾಕೆ ಅಷ್ಟು ಹುರುಪಿನಿಂದ ಹೊರಟಿದ್ದ ಎಂದು ನನಗೆ ಆಗ ತಿಳಿಯಿತು. ಮುಂಗಡ ಎಂದು ಕೈಲಿದ್ದ ಐವತ್ತು ರೂಪಾಯಿ ಅಲ್ಲೇ ಕೊಟ್ಟೆ.

ಮನೆಯಲ್ಲಿ ಹೇಳಿದಾಗ ಅಣ್ಣ ಒಂಬೈನೂರರ ವಿಷಯವನ್ನು ಸುಳ್ಳು ಎನ್ನಲೂ ಇಲ್ಲ. “ನಿನ್ನ ಒಳ್ಳೇದಕ್ಕ ಮಾಡೀನಿ. ಸಾಬರ ಓಣ್ಯಾಗ ಒಬ್ಬಾಕಿ ಇರ್ತೀಯೇನು? ಮಂದಿ ನನಗ ಏನಂದಾರು?” ಎಂದ.

“ನನ್ನ ಸಂಬಳ ತಿಂದಾಗ ಮಂದಿ ಏನಂದ್ರು?” ಎಂದೆ.

ಅತ್ತಿಗೆ ಒಳಗಿನಿಂದ, “ಓದಿಸಿದ್ದಕ್ಕ ಬಂತು ನೋಡ್ರಿ ಬಹುಮಾನ,” ಎಂದಳು. ನಾನು ಟ್ರಂಕಿಗೆ ಸೀರೆ ತುಂಬಿದೆ. ಚಾಪೆ ಅವರದು ಎಂದು ಅಲ್ಲೇ ಬಿಟ್ಟೆ. ಬಾಗಿಲವರೆಗೂ ಯಾರೂ ಬರಲಿಲ್ಲ. ಕೊಟ್ಟೂರಿನ ಬಸ್ಸು ಬರುವವರೆಗೆ ಟ್ರಂಕಿನ ಮೇಲೆ ಕೂತಿದ್ದೆ.

ಖಾಲಾರ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತಗಡು ಬಡಿಯುವ ಸದ್ದು, ಗೋಡೆಯೆಲ್ಲ ಡೀಸೆಲ್ ವಾಸನೆ. ಚಿಲಕ ಮಾತ್ರ ಒಳಗಿನಿಂದ ಗಟ್ಟಿಯಾಗಿ ಬೀಳುತ್ತಿತ್ತು. ಗೋಡೆಗೆ ಒಂದು ಹಲಗೆ ಹೊಡೆದು ಅದನ್ನೇ ದೇವರ ಜಗಲಿ ಮಾಡಿಕೊಂಡೆ.

ಆ ತಿಂಗಳ ಸಂಬಳ ಐದನೇ ತಾರೀಖು ಕೈಗೆ ಬಂತು. ಕೋಣೆಗೆ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಕವರನ್ನು ಹಲಗೆಯ ಮೇಲೆ ಇಟ್ಟು ಕೈಮುಗಿದೆ. ಆಮೇಲೆ ನೆಲದ ಮೇಲೆ ಕೂತೆ. ಚಹಾಕ್ಕೆ ಸಕ್ಕರೆ ತರಬೇಕಿತ್ತು, ಹಾಲಿನವಳಿಗೆ ಕೊಡಬೇಕಿತ್ತು. ಆದರೂ ಕವರನ್ನು ನೋಡುತ್ತ ಕೂತೇ ಇದ್ದೆ. ಹೊರಗೆ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ. ಅರ್ಧ ಗಂಟೆಯ ಮೇಲೆ ಅಂಗಳದಿಂದ ಖಾಲಾ, “ಇವತ್ತು ಐದನೇ ತಾರೀಖು, ನೆನಪೈತೇನು?” ಎಂದು ಕೂಗಿದಾಗ ನಾನೇನು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಯಾರಾದರೂ ಬಂದು ಅದನ್ನು ಎತ್ತಿಕೊಳ್ಳಲಿ ಎಂದು ನಾನು ಕಾಯುತ್ತಿದ್ದೆ.

ಎದ್ದು ಕವರು ಎತ್ತಿಕೊಂಡೆ. ಮುನ್ನೂರೈವತ್ತು ಎಣಿಸಿ ಖಾಲಾರ ಕೈಗಿಟ್ಟೆ. ಅವರು ಇನ್ನೊಂದು ಸಲ ಎಣಿಸಿದರು.

ಅಣ್ಣ ಈಗಲೂ ಕಂಡಾಗ, ಹಳೆಯದೆಲ್ಲ ಬಿಟ್ಟುಬಿಡವ್ವ ಎನ್ನುತ್ತಾನೆ. ನಾಲ್ಕು ವರ್ಷದ ಸಂಬಳವನ್ನು ಬೇಕಾದರೆ ಬಿಟ್ಟೇನು. ನನ್ನದೇ ಕೋಣೆಯಲ್ಲಿ, ನಾನೇ ಚಿಲಕ ಹಾಕಿಕೊಂಡು, ಅವನಿಗಾಗಿ ಕಾಯುತ್ತ ಕೂತ ಆ ಅರ್ಧ ಗಂಟೆಯನ್ನು ಬಿಡುವುದಿಲ್ಲ.