ಖಾದರ್ ಭಾಯ್ ತಂದ ಫ್ಲಾಸ್ಕು

ಮೂರು ವಾರದಿಂದ ನಮ್ಮ ಮನೆಯ ಕಾಫಿ ಸುಳ್ಳು ಹೇಳುತ್ತಿತ್ತು. ಸಿಹಿಯೇನೋ ಇತ್ತು. ಆದರೆ ಆ ಸಿಹಿ ಬರಬೇಕಾದ ಹೊತ್ತಿಗೆ ಬರುತ್ತಿರಲಿಲ್ಲ, ಬಂದಮೇಲೆ ಹೋಗಬೇಕಾದ ಹೊತ್ತಿಗೆ ಹೋಗುತ್ತಲೂ ಇರಲಿಲ್ಲ. ಕರೆಯದೆ ಬಂದ ನೆಂಟರ ಹಾಗೆ ನಾಲಗೆಯ ಹಿಂಭಾಗದಲ್ಲಿ ಕೂತುಬಿಡುತ್ತಿತ್ತು. ಮೊದಲು ಪುಡಿ ಅಂಗಡಿಯವನನ್ನು ಬೈದೆ. ಆಮೇಲೆ ಹಾಲಿನ ಮೇಲೆ ಅನುಮಾನಪಟ್ಟೆ. ಕೊನೆಗೆ ತಪ್ಪನ್ನು ನನ್ನ ವಯಸ್ಸಿನ ಮೇಲೆ ಹಾಕಿ ಸುಮ್ಮನಾದೆ. ಇವತ್ತು ಬೆಳಿಗ್ಗೆ ಲವಂಗ ಹುಡುಕಲು ಕಪಾಟಿಗೆ ಕೈ ಹಾಕಿದಾಗ ಇಂಗಿನ ಡಬ್ಬಿಯ ಹಿಂದೆ ಪುಟ್ಟದೊಂದು ಬಿಳಿ ಡಬ್ಬಿ ಸಿಕ್ಕಿತು. ತಲೆಯ ಮೇಲೆ ಒತ್ತಿದರೆ ಒಂದೊಂದೇ ಗುಳಿಗೆ ಉದುರಿಸುವ, ಸಕ್ಕರೆಯಲ್ಲದ ಸಕ್ಕರೆ.

ನಮ್ಮನೆಯವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಯಂತ್ರದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುತ್ತಿದ್ದವರು. ನಿವೃತ್ತರಾಗಿ ಯಲಹಂಕದ ಈ ಮನೆಗೆ ಬಂದಮೇಲೆ ಬೆಳಗಿನ ಕಾಫಿಯ ಉಸ್ತುವಾರಿ ಅವರದೇ. ಡಬ್ಬಿ ಹಿಡಿದುಕೊಂಡು ಹೋಗಿ ಅವರೆದುರು ನಿಂತೆ.

"ಏನ್ರೀ ಇದು?"

ಪೇಪರ್ ಕೆಳಗಿಳಿಯಲಿಲ್ಲ. "ನಿನ್ನ ಬ್ಲಡ್ ರಿಪೋರ್ಟ್ ನೋಡಿದೆ ಕಣೇ. ಷುಗರ್ ಬಾರ್ಡರಲ್ಲಿದೆ."

"ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಕುಡೀತಿದ್ಯಾ?"

ಇಂಥ ಪ್ರಶ್ನೆಗೆ ತಕ್ಕ ಉತ್ತರ ಕೊಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಆದರೆ ಇದೇ ಪ್ರಶ್ನೆಯನ್ನು, ಇದೇ ಧಾಟಿಯಲ್ಲಿ, ಹತ್ತು ಹನ್ನೆರಡು ವರ್ಷದ ಕೆಳಗೆ ನಾನೇ ಒಬ್ಬರಿಗೆ ಕೇಳಿದ್ದೆ. ಅವರು ಕೊಟ್ಟ ಉತ್ತರ ನೆನಪಾಗಿ, ಡಬ್ಬಿ ಕೈಯಲ್ಲಿಟ್ಟುಕೊಂಡೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ನೀವೂ ಸ್ವಲ್ಪ ಹೊತ್ತು ಕೂತುಕೊಳ್ಳಿ, ಹೇಳುತ್ತೇನೆ.

ನಾನು ಮನೋವೈದ್ಯೆ. ಆಗ ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಕ್ಲಿನಿಕ್ ಇತ್ತು. ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದನ್ನು ನಾಲ್ಕು ಜನ ನೋಡಬಾರದೆಂಬುದು ಎಲ್ಲರ ಚಿಂತೆ. ಹಾಗಾಗಿ ಬಂದವರೆಲ್ಲ ಮೊದಲು ಬೇಕರಿಯೆದುರು ನಿಂತು, ಆಚೀಚೆ ನೋಡಿ, ಏನಾದರೂ ಕಟ್ಟಿಸಿಕೊಂಡು, ಆಮೇಲೆ ಮೆಟ್ಟಿಲು ಹತ್ತುತ್ತಿದ್ದರು. ನನ್ನೆದುರು ಕೂತು ಅಳುವವರ ಮಡಿಲಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಇರುತ್ತಿತ್ತು. ಬೇಕರಿಯವರು ಪ್ರತಿ ವರ್ಷ ಯುಗಾದಿಗೆ ನನಗೊಂದು ಕೇಕು ಕಳಿಸುತ್ತಿದ್ದರು. ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬರುವವರಲ್ಲಿ ಎಷ್ಟೋ ಮಂದಿ ರೋಗಿಯನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದರು. "ಅವ್ರು ಬರಲ್ಲ ಡಾಕ್ಟ್ರೇ, ಗೊತ್ತಾಗದ ಹಂಗೆ ಹಾಕೋಕೆ ಏನಾದ್ರೂ ಕೊಡಿ" ಎನ್ನುವುದು ದಿನಕ್ಕೊಂದು ಸಲವಾದರೂ ಕೇಳುವ ಮಾತು. ಮಜ್ಜಿಗೆಯಲ್ಲಿ ಬೆರೆಸುವವರಿದ್ದರು, ಚಟ್ನಿಯಲ್ಲಿ ಅರೆಯುವವರಿದ್ದರು. ಯಲಹಂಕದಾಚೆಯ ಹಳ್ಳಿಯ ಅಜ್ಜಿಯೊಬ್ಬರು ಮಗನ ರಾಗಿಮುದ್ದೆಯಲ್ಲಿ ಮಾತ್ರೆ ಹುದುಗಿಸಿ ಕೊಡುತ್ತಿದ್ದರು. "ಮುದ್ದೆ ಯಾರು ಅಗೀತಾರೆ ತಾಯಿ? ನುಂಗಿದ್ರೆ ಅಂಗೇ ಒಳೀಕೆ ಓಯ್ತದೆ" ಎಂದು ನನಗೇ ಪಾಠ ಹೇಳಿದ್ದರು. ನಾನು ಬೈದು ಕಳಿಸಿದ್ದೆ. ಕಾಲೇಜಿನ ಹುಡುಗರಿಗೆ ಪಾಠ ಮಾಡುವಾಗಲೂ ಅಷ್ಟೆ, ರೋಗಿಯನ್ನು ನೋಡದೆ ಔಷಧಿ ಬರೆಯಬಾರದು, ತಿಳಿಸದೆ ಕೊಡಬಾರದು ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಮೇಜು ಕುಟ್ಟುವುದು ಸುಲಭ, ಪಾಠದ ಕೋಣೆಯಲ್ಲಿ ಯಾರ ಹೆಂಡತಿಯೂ ಎದುರಿಗೆ ಕೂತು ಅಳುವುದಿಲ್ಲ.

ಶಮೀಮ್ ಬಂದು ಅತ್ತರು. ಇದು ನಿಜವಾದ ಹೆಸರಲ್ಲ, ಅವರ ಗಂಡನಿಗೆ ನಾನಿಟ್ಟಿರುವ ಖಾದರ್ ಭಾಯ್ ಎಂಬ ಹೆಸರೂ ಅಷ್ಟೆ. ಇದನ್ನೆಲ್ಲ ಬರೆಯಲೇ ಎಂದು ಹಿಂದೊಮ್ಮೆ ಆ ಗಂಡನನ್ನೇ ಕೇಳಿದ್ದಕ್ಕೆ, "ಬರೀರಿ ಮೇಡಂ, ಬಿರಿಯಾನಿ ಚೆನ್ನಾಗಿತ್ತು ಅಂತಾನೂ ಬರೀರಿ" ಎಂದು ಷರತ್ತು ಹಾಕಿದ್ದಾರೆ. ಆ ಷರತ್ತನ್ನು ಮುಂದೆ ತೀರಿಸುತ್ತೇನೆ.

ಖಾದರ್ ಭಾಯ್ ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಬಾವರ್ಚಿ. ಹೆಬ್ಬಾಳದಿಂದ ಯಶವಂತಪುರದವರೆಗೆ ಅವರ ಬಿರಿಯಾನಿ ಆಗದ ಶಾದಿಮಹಲ್ ಇಲ್ಲ. ಒಂದು ಹನಿ ಸಾರು ನಾಲಗೆಗೆ ಸೋಕಿಸಿ, ಕುರಿ ಯಾವ ಸಂತೆಯದೆಂದು ಹೇಳುತ್ತಾರೆಂಬ ಖ್ಯಾತಿ ಇತ್ತು. ಅಂಥ ಮನುಷ್ಯನಿಗೆ, ಬೇರೆ ಬಾವರ್ಚಿಗಳು ಸೇರಿಕೊಂಡು ತನ್ನ ನಾಲಗೆ ಕೆಡಿಸಲು ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಅನುಮಾನ ಹತ್ತಿತು. ಮೊದಲು ಹೊರಗಿನ ಊಟ ಬಿಟ್ಟರು, ಆಮೇಲೆ ಮನೆಯದನ್ನೂ ಬಿಟ್ಟರು. ಕೊನೆಗೆ ಸಿಪ್ಪೆ ಇರುವ ಪದಾರ್ಥವನ್ನಷ್ಟೇ, ತಾವೇ ಸುಲಿದು ತಿನ್ನುತ್ತಿದ್ದರು: ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಕಡಲೆಕಾಯಿ. ಮದುವೆಗಳನ್ನು ಒಪ್ಪಿಕೊಳ್ಳುವುದೂ ನಿಂತಿತು. ಇನ್ನೊಬ್ಬರ ಕೈಯಿಂದ ಅವರು ತೆಗೆದುಕೊಳ್ಳುತ್ತಿದ್ದುದು ಒಂದೇ ಒಂದು, ಹೆಂಡತಿ ಮಾಡಿದ ಚಹಾ.

ಶಮೀಮ್ ಮೊದಲೆರಡು ಸಲ ಗುಟ್ಟಾಗಿ ಹಾಕಲು ಔಷಧಿ ಕೇಳಿದಾಗ ನಾನು ಒಪ್ಪಲಿಲ್ಲ, ಗಂಡನನ್ನೇ ಕರೆದುಕೊಂಡು ಬನ್ನಿ ಎಂದೆ. ಮೂರನೆಯ ಸಲ ಶಮೀಮ್ ಬಂದು, "ನಿನ್ನೆ ರೋಡಲ್ಲಿ ಬಿದ್ಬಿಟ್ರು ಡಾಕ್ಟರಮ್ಮಾ. ಷರ್ಟ್ ಒಳಗೆ ಮನುಷ್ಯನೇ ಇಲ್ಲ. ಚಾಯ್ ಒಂದು ಕುಡೀತಾರೆ, ಅದ್ರಲ್ಲಿ ಹಾಕ್ತೀನಿ, ಕೊಡಿ" ಎಂದರು. ಅವರ ಮನೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ನಾನೇ ಹೋಗಿ ನೋಡಬಹುದಿತ್ತು. ಆದರೆ ಹೊರಗೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಹದಿನಾಲ್ಕು ಜನ ಕಾಯುತ್ತಿದ್ದರು. ಬಣ್ಣವಿಲ್ಲದ, ರುಚಿಯಿಲ್ಲದ ಹನಿ ಔಷಧಿಯನ್ನು ಬರೆದುಕೊಟ್ಟೆ. ಊಟದಲ್ಲಿ ಏನೋ ಬೆರೆಸುತ್ತಾರೆಂದು ಹೆದರಿದವನಿಗೆ, ಅವನು ನಂಬಿ ಕುಡಿಯುವ ಒಂದೇ ಲೋಟದಲ್ಲಿ ನಿಜವಾಗಿಯೂ ಬೆರೆಸಲು ಹೇಳಿದೆ. ಆ ಕ್ಷಣದಲ್ಲಿ ಇದು ನನಗೆ ಹೊಳೆಯಲೇ ಇಲ್ಲ ಎಂದರೆ ನೀವು ನಂಬಬೇಕು.

ಹನ್ನೊಂದನೆಯ ದಿನ ಬೆಳಿಗ್ಗೆ, ಕ್ಲಿನಿಕ್ ಬಾಗಿಲು ತೆಗೆಯುವ ಹೊತ್ತಿಗೆ, ಉದ್ದ ಜುಬ್ಬಾ ತೊಟ್ಟ ಬಡಕಲು ಮನುಷ್ಯರೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಬಿಸ್ಕತ್ತು ಇರಲಿಲ್ಲ, ಸ್ಟೀಲಿನ ಫ್ಲಾಸ್ಕು ಇತ್ತು.

"ನಾನು ಖಾದರ್, ಶಮೀಮ್ ಗಂಡ. ಅಕ್ಕಿ ಡ್ರಮ್ಮಲ್ಲಿ ನಿಮ್ಮ ಚೀಟಿ ಸಿಕ್ತು. ಮೇಲೆ ಪ್ರಿಂಟ್ ಮಾಡಿರೋ ಹೆಸರು ಓದಿದೆ. ಕೆಳಗೆ ನೀವು ಬರೆದಿರೋದು ಅಲ್ಲಾನೇ ಓದ್ಬೇಕು."

ಒಳಗೆ ಬಂದು ಕೂತರು. ಫ್ಲಾಸ್ಕಿನ ಮುಚ್ಚಳಕ್ಕೊಂದಿಷ್ಟು, ನನ್ನ ಮೇಜಿನ ಮೇಲಿದ್ದ ಲೋಟಕ್ಕೊಂದಿಷ್ಟು ಚಹಾ ಬಗ್ಗಿಸಿದರು. ಏಲಕ್ಕಿ ಘಮ ಎದ್ದಿತು. ಲೋಟವನ್ನು ನನ್ನ ಕಡೆ ತಳ್ಳಿದರು.

"ಹತ್ತು ದಿನದಿಂದ ಈ ಚಾಯ್ ಸರಿ ಇಲ್ಲ ಮೇಡಂ. ಏನಿದೆ ಇದ್ರಲ್ಲಿ? ಏನೂ ಇಲ್ಲ ಅಂದ್ರೆ ಕುಡೀರಿ. ನಾನೂ ಕುಡೀತೀನಿ."

ವಿಟಮಿನ್ ಎಂಬ ಶಬ್ದ ನನ್ನ ಬಾಯಲ್ಲಿ ತಯಾರಾಗಿಯೇ ಇತ್ತು. ಹಾಗೆಂದುಬಿಟ್ಟರೆ ಅವರು ಶಮೀಮ್ ಮೇಲೆ ಸಿಟ್ಟಾಗುವುದಿಲ್ಲ, ಔಷಧಿ ಒಳಗೆ ಹೋಗುತ್ತಲೇ ಇರುತ್ತದೆ, ಒಂದೆರಡು ತಿಂಗಳಲ್ಲಿ ಊಟ ಮಾಡುತ್ತಾರೆ. ನಿಜ ಹೇಳಿದರೆ ಎದ್ದುಹೋಗಬಹುದು, ಚಹಾವನ್ನೂ ಬಿಟ್ಟುಬಿಡಬಹುದು, ಆ ಮೈಗೆ ಅಷ್ಟು ತಾಳುವ ಶಕ್ತಿ ಉಳಿದಿರಲಿಲ್ಲ. ಆದರೆ ಎದುರಿಗಿದ್ದ ಮನುಷ್ಯ ಸುಳ್ಳು ನಂಬಿಕೆಗಳ ರಾಶಿಯೊಳಗಿಂದ ಒಂದೇ ಒಂದು ನಿಜವನ್ನು ಹೆಕ್ಕಿ, ಫ್ಲಾಸ್ಕಿಗೆ ತುಂಬಿಕೊಂಡು ತಂದಿದ್ದರು. ಅದನ್ನೂ ಸುಳ್ಳು ಅಂದುಬಿಟ್ಟರೆ ಆಮೇಲೆ ನನ್ನ ಯಾವ ಮಾತನ್ನು ತಾನೇ ನಂಬಿಯಾರು? ನನಗೆ ನಿಜಕ್ಕೂ ನಾಚಿಕೆಯಾಯಿತು.

"ಇದೆ ಖಾದರ್ ಭಾಯ್. ರುಚಿ ಇಲ್ಲದ ಒಂದು ಔಷಧಿ ಇದೆ. ಬರೆದುಕೊಟ್ಟವಳು ನಾನು, ಹಾಕಿ ಅಂದವಳೂ ನಾನೇ."

ಅವರು ಎದ್ದು ನಿಂತರು. ಫ್ಲಾಸ್ಕು ನನ್ನ ತಲೆಗೆ ಬೀಳುತ್ತದೆಂದುಕೊಂಡೆ. ಆದರೆ ಆ ಮುಖ ಅರಳುತ್ತಿತ್ತು.

"ಹಾಗಾದ್ರೆ ನಾಲಗೆ ಸರಿಯಾಗಿದೆ!" ಎಂದರು. "ಕೆಟ್ಟಿಲ್ಲ ಮೇಡಂ! ರುಚಿ ಇಲ್ಲದ ಔಷಧಿ, ಅದೂ ಏಲಕ್ಕಿ ಚಾಯ್‌ನಲ್ಲಿ, ಹಿಡಿದ್ಬಿಟ್ಟೆ!"

ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗು ನಿಂತಮೇಲೂ ಅವರ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಅವಳ ಕೈ ಚಾಯ್ ಒಂದು ಉಳಿದಿತ್ತು. ಅದನ್ನೂ ತಗೊಂಡ್ಬಿಟ್ರಲ್ಲ."

ಸಿಕ್ಕಿಬಿದ್ದವರು ವಾದಕ್ಕಿಳಿಯುತ್ತಾರೆ, ನಾನೂ ಇಳಿದೆ. "ಹೇಳಿದ್ರೆ ತಗೋತಿದ್ರಾ?" ಎಂದೆ.

ಅವರು ಸಿಟ್ಟಿಲ್ಲದೆ, ಅಡುಗೆಯಲ್ಲಿ ಏನು ತಪ್ಪಾಯಿತೆಂದು ಕಲಿಯುವವರಿಗೆ ವಿವರಿಸುವ ಹಾಗೆ ಹೇಳಿದರು: "ನೀವು ಕೇಳೇ ಇಲ್ವಲ್ಲ ಮೇಡಂ."

ಕೇಳಿದೆ. ಅವತ್ತು ಒಂದು ಗಂಟೆ ಮಾತಾಡಿದೆವು, ಕೆಳಗೆ ಬೇಕರಿಗೆ ಒಳ್ಳೆಯ ವ್ಯಾಪಾರವಾಗಿರಬೇಕು. ನಿಮ್ಮ ಊಟಕ್ಕೆ ಬೇರೆ ಯಾರೂ ಏನೂ ಬೆರೆಸಿಲ್ಲ ಎಂಬುದು ನನ್ನ ನಂಬಿಕೆ, ಆದರೆ ನನ್ನ ಮಾತು ನಂಬಿ ಎನ್ನಲು ಇವತ್ತು ನನಗೆ ಬಾಯಿಲ್ಲ ಎಂದೆ. ಅವರಿಗೆ ಆ ಮಾತು ಹಿಡಿಸಿತು. ಔಷಧಿ ತೆಗೆದುಕೊಳ್ಳುತ್ತೇನೆ, ಆದರೆ ನನ್ನ ಕೈಯಾರೆ, ನೀರಿನಲ್ಲಿ, ಬಿರಿಯಾನಿಗೆ ಘಮಕ್ಕೆಂದು ಕೇವ್ಡಾ ಹಾಕುವ ಹಾಗೆ ಹನಿ ಎಣಿಸಿ ಎಂದರು. ಅವರು ಹೋದಮೇಲೆ ಕನ್ನಡಕ ಹಾಕಿಕೊಂಡು, ಕ್ಲಿನಿಕ್ಕಿನಲ್ಲಿದ್ದ ಅದೇ ಔಷಧಿಯ ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದ ಓದಿದೆ. ಇದನ್ನು ಚಹಾದಲ್ಲಿ ಬೆರೆಸಬಾರದು ಎಂದು ಅಚ್ಚಾಗಿತ್ತು. ಹದಿನೈದು ವರ್ಷದ ಅನುಭವದ ಡಾಕ್ಟರು ಓದದೇ ಇದ್ದುದನ್ನು ಬಾವರ್ಚಿಯ ನಾಲಗೆ ಓದಿತ್ತು.

ಶಿಕ್ಷೆ ಮಾತ್ರ ಶಮೀಮ್‌ಗೆ ಆಯಿತು. ಗಂಡನ ಜೊತೆ ಬಂದು ದೂರದ ಕುರ್ಚಿಯಲ್ಲಿ ಕೂರುತ್ತಿದ್ದರು. "ದಿನಾ ಚಾಯ್ ಮಾಡ್ತೀನಿ ಡಾಕ್ಟರಮ್ಮಾ, ಮುಟ್ಟಲ್ಲ, ದಿನಾ ಹಾಗೇ ಆರಿಹೋಗುತ್ತೆ" ಎಂದರು ಒಮ್ಮೆ. ತಪ್ಪು ನನ್ನದು, ಅವರದಲ್ಲ ಎಂದು ನಾನು ಖಾದರ್ ಭಾಯ್‌ಗೆ ಹೇಳಿದೆ. "ಗೊತ್ತು ಮೇಡಂ. ನನಗೆ ಗೊತ್ತು, ಗಂಟಲಿಗೆ ಗೊತ್ತಿಲ್ಲ" ಎಂದರು.

ಎರಡು ತಿಂಗಳಲ್ಲಿ ಅವರು ಮೊಟ್ಟೆ ಸುಲಿಯುವುದು ಬಿಟ್ಟು ಅನ್ನ ತಿನ್ನತೊಡಗಿದರು. ಆಗ ಹೊಸ ತಕರಾರು ಬಂತು: "ಉಪ್ಪು ತಿಳೀತಿಲ್ಲ. ನಾಲಗೆಗೆ ಕಂಬಳಿ ಹೊದಿಸಿದ ಹಾಗಿದೆ." ಪುಸ್ತಕದ ಪ್ರಕಾರ ಅವರಿಗೆ ಕೊಡುತ್ತಿದ್ದುದು ಔಷಧಿಯ ಸರಿಯಾದ ಪ್ರಮಾಣ. ಕಡಿಮೆ ಮಾಡಿದರೆ ಅನುಮಾನ ಮರಳಬಹುದು, ಮಾಡದಿದ್ದರೆ ರೋಗ ಗುಣವಾಗಿ ಬಾವರ್ಚಿ ಇಲ್ಲವಾಗುತ್ತಾನೆ. ಮೂವರೂ ಕೂತು ಮಾತಾಡಿ ಹನಿ ಇಳಿಸಿದೆವು. ನಾಲಗೆ ಬಂತು, ಜೊತೆಗೆ ಚೂರು ಅನುಮಾನವೂ ಬಂತು. ನಾನು ಮತ್ತೆ ಏರಿಸಲು ಪೆನ್ನು ಎತ್ತಿದಾಗ ಅವರು ಕೈ ಅಡ್ಡ ತಂದರು.

"ಒಂಚೂರು ಇರ್ಲಿ ಮೇಡಂ. ಅನುಮಾನ ಇಲ್ಲದ ಬಾವರ್ಚಿ ಹಳಸಿದ ಮಾಂಸ ತರ್ತಾನೆ. ನಾನು ಮತ್ತೆ ಮೊಟ್ಟೆ ಸುಲಿಯೋಕೆ ಶುರು ಮಾಡಿದ್ರೆ ಇವಳು ನಿಮಗೆ ಫೋನ್ ಮಾಡ್ಲಿ, ಆಗ ಏರಿಸಿ. ನಾನು ಬೇಡ ಅಂದ್ರೂ ಕೇಳ್ಬೇಡಿ."

ಅದನ್ನೇ ಕಾಗದದ ಮೇಲೆ ಬರೆದೆ. ಅವರು ಉರ್ದುವಿನಲ್ಲಿ ಸಹಿ ಹಾಕಿದರು. ಇಷ್ಟು ವರ್ಷದಲ್ಲಿ ಆ ಕಾಗದ ತೆಗೆಯುವ ಪ್ರಸಂಗ ಒಂದೇ ಸಲ ಬಂತು, ಅವರು ಬೇಡ ಅಂದರು, ನಾನು ಕೇಳಲಿಲ್ಲ, ಆಮೇಲೆ ಅವರೇ ಬೇಕರಿಯಿಂದ ಕೇಕು ತಂದುಕೊಟ್ಟರು.

ಕಾಯಿಲೆಯ ನಂತರ ಅವರು ಒಪ್ಪಿಕೊಂಡ ಮೊದಲ ಮದುವೆಗೆ ನನ್ನನ್ನೂ ಕರೆದರು. ರೋಗಿಯ ಕರೆಗೆ ಓಗೊಟ್ಟು ಊಟಕ್ಕೆ ಹೋಗಬಹುದೇ ಎಂದು ಎರಡು ದಿನ ಧರ್ಮಸಂಕಟಪಟ್ಟೆ. ಹೋದೆ. ಬಿರಿಯಾನಿ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ, ಇಲ್ಲಿಗೆ ಷರತ್ತು ತೀರಿತು. ಊಟ ಮುಗಿಸಿ ಹಿತ್ತಲಿಗೆ ಹೋದಾಗ ಖಾದರ್ ಭಾಯ್ ಕೆಂಡ ಆರುತ್ತಿದ್ದ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಶಮೀಮ್ ನೀರಿನ ಲೋಟ ತಂದರು. ಅವರು ಜೇಬಿನಿಂದ ಸೀಸೆ ತೆಗೆದರು, ತೆಗೆದವರು ಯಾಕೋ ತಡೆದು, ಅದನ್ನು ಹೆಂಡತಿಯ ಕೈಗೆ ಕೊಟ್ಟರು.

"ನೀನೇ ಹಾಕು."

ಹಾಗೆಂದವರೇ ಬಿರಿಯಾನಿ ಮಾಡಿದ ದೊಡ್ಡ ದೇಗಿನ ಕಡೆ ಮುಖ ತಿರುಗಿಸಿ ಕೂತರು. ಶಮೀಮ್ ಲೋಟದ ಮೇಲೆ ಸೀಸೆ ಬಗ್ಗಿಸಿದರು. ಹನಿ ಎಷ್ಟು ಬಿತ್ತೆಂದು ಖಾದರ್ ಭಾಯ್ ನೋಡಲಿಲ್ಲ, ಕುಡಿದರು. ಆಮೇಲೆ, "ಚಾಯ್ ಇಲ್ವಾ?" ಎಂದು ಕೇಳಿದರು. ಶಮೀಮ್ ಅಳುತ್ತಲೇ ಒಲೆಯ ಮುಂದೆ ಕೂತು ಚಹಾ ಮಾಡಿದರು. ನನಗೂ ಒಂದು ಲೋಟ ಸಿಕ್ಕಿತು.

ಇಷ್ಟು ಹೇಳುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಪೇಪರಿನ ಹಿಂದಿನಿಂದ ನಮ್ಮನೆಯವರು ಕಳ್ಳನ ಹಾಗೆ ಇಣುಕಿದರು.

"ಕೋಪಾನಾ?"

"ನೀವು ಕೇಳೇ ಇಲ್ವಲ್ರೀ" ಎಂದೆ.

ಪೇಪರ್ ಮಡಿಸಿಟ್ಟರು. "ಸರಿ, ಈಗ ಕೇಳ್ತಿದೀನಿ. ಸಕ್ಕರೆ ಬಿಡ್ತೀಯಾ?"

ಕೇಳಿದಮೇಲೆ ಉತ್ತರ ಹೇಳಬೇಕಲ್ಲ, ಕಷ್ಟ ಗೊತ್ತಾಗುವುದೇ ಆಗ. ಹೇಳದೆ ಹಾಕಿದರೆ ಬೈದುಕೊಂಡು ಕುಡಿಯಬಹುದು. ಕೇಳಿ ಹಾಕಿದರೆ ಹೊಣೆ ನನ್ನದೇ. ತುಂಬ ಹೊತ್ತು ಚೌಕಾಸಿ ನಡೆಯಿತು. ಮಧ್ಯಾಹ್ನದ ಕಾಫಿಗೆ ಅವರ ಗುಳಿಗೆ, ಬೆಳಗಿನದಕ್ಕೆ ಅರ್ಧ ಚಮಚ ನಿಜವಾದ ಸಕ್ಕರೆ, ಮುಂದಿನ ರಿಪೋರ್ಟಿನಲ್ಲಿ ಏರಿದ್ದರೆ ಅದೂ ಬಂದ್, ನಾನು ಬೇಡ ಅಂದರೂ ಕೇಳಬಾರದು. ಬರೆದುಕೊಡು ಅಂದರು. ಹಾಲಿನ ಕಾರ್ಡಿನ ಹಿಂದೆ ಬರೆದುಕೊಟ್ಟೆ.

ಅವರು ಹೊಸದಾಗಿ ಕಾಫಿ ಬೆರೆಸಿ, ಚಮಚದಲ್ಲಿ ಸಕ್ಕರೆ ತುಂಬಿ, ಬೆರಳಿನಿಂದ ಅರ್ಧಕ್ಕೆ ಸಮ ಮಾಡಿ, ಕಾರ್ಖಾನೆಯ ಗತ್ತಿನಲ್ಲಿ ನನ್ನ ಕಣ್ಣೆದುರು ಹಿಡಿದರು. "ನೋಡ್ಕೋ, ಸರಿಯಿದೆಯಾ?"

"ಹಾಕ್ರೀ" ಎಂದು ಕಿಟಕಿಯ ಕಡೆ ತಿರುಗಿಕೊಂಡೆ.

ಕಾಫಿ ಬಂತು. ಒಂದು ಗುಟುಕು ಕುಡಿದೆ. ಅರ್ಧ ಚಮಚಕ್ಕಿಂತ ತುಸು ಕಡಿಮೆಯೇ ಬಿದ್ದಿದೆ ಎಂದು ನಾಲಗೆ ಹೇಳಿತು. ಒಂಚೂರು ಅನುಮಾನ ಇರಲಿ ಎಂದುಕೊಂಡು ಪೂರ್ತಿ ಕುಡಿದೆ.