ನುಸಿಗುಳಿಗೆ ಹಾಕಿದ ಟ್ರಂಕು

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟುಹೋಗುತ್ತದೆ ಅನ್ನುವುದು ಬರೀ ಮಾತಲ್ಲ, ನಮ್ಮ ಮನೆಯಲ್ಲಿ ಅದು ಕೆಲಸ ಶುರುವಾಗುವ ಗುರುತು. ಹಬ್ಬ ಮುಗಿದ ಮೇಲೆ ಸ್ವೆಟರು, ಮಫ್ಲರು, ಕಂಬಳಿಗಳನ್ನು ಬಿಸಿಲಿಗೆ ಹಾಕಿ ಟ್ರಂಕಿಗೆ ತುಂಬಬೇಕು. ತೆಳು ವಾಯಿಲ್ ಸೀರೆಗಳು ಆಚೆ ಬರಬೇಕು. ದಸರಾ ಕಳೆದರೆ ಎಲ್ಲ ತಿರುಗಾಮುರುಗಾ. ಮದುವೆಯಾಗಿ ಕನಕಪುರದ ಹತ್ತಿರದ ಆ ಮನೆಗೆ ಬಂದಾಗಿನಿಂದ ಈ ಕೆಲಸ ನನ್ನ ಪಾಲಿಗೇ ಬಿದ್ದಿತ್ತು.

ನಮ್ಮದು ರೇಷ್ಮೆಹುಳ ಸಾಕುವ ಮನೆ. ಅಂಥ ಮನೆಯಲ್ಲಿ ಬಟ್ಟೆಗೆ ನುಸಿಗುಳಿಗೆ ಇಡುವಂತಿಲ್ಲ. ನುಸಿಯನ್ನು ಓಡಿಸುವ ವಾಸನೆ ನಮಗೆ ಅನ್ನ ಕೊಡುವ ಹುಳವನ್ನೂ ಬಿಡುವುದಿಲ್ಲ. ಹೊಗೆಸೊಪ್ಪು, ಸೊಳ್ಳೆಬತ್ತಿ ಎಲ್ಲಕ್ಕೂ ಬಾಗಿಲಾಚೆಯೇ ಜಾಗ. ಹಾಗಾಗಿ ಪ್ರತಿ ಚಳಿಗಾಲಕ್ಕೂ ಟ್ರಂಕು ತೆಗೆದರೆ ಸ್ವೆಟರಿನ ತುಂಬ ತೂತು. ಹೊಲಿದು ಹಾಕಿಕೊಳ್ಳುತ್ತಿದ್ದೆವು. ಹಾಲು ಕರೆಯುವಾಗ ಯಾರು ಬಂದು ನೋಡಬೇಕು?

ನೋಡುವವರಿದ್ದದ್ದು ನನ್ನ ನಾದಿನಿಗೆ. ಹಾರೋಹಳ್ಳಿ ಕಡೆ ಒಂದರ ಮಗ್ಗುಲಿಗೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಅವಳು ಬಟ್ಟೆ ಹೊಲಿಯುವ ಕಾರ್ಖಾನೆಯೊಂದಕ್ಕೆ ಸೇರಿ ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದಳು. ನಮ್ಮತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ. ಗಂಡು ಬೇರೆ ನೋಡಿಟ್ಟಿದ್ದರು. ಹುಡುಗಿಗೆ ಆಗಲೇ ಮದುವೆ ಬೇಡ, ಕೆಲಸ ಬೇಕು. ಬಿಡಿಸಲು ಅತ್ತೆ ಒಂದು ನೆಪಕ್ಕೆ ಕಾಯುತ್ತಿದ್ದರು.

ನೆಪವನ್ನು ಅವಳೇ ತಂದುಕೊಟ್ಟಳು. ಹೊಸ ಸ್ವೆಟರು ತೂತಾಗಬಾರದು ಅಂತ, ನಾನು ತುಂಬಿಟ್ಟ ಟ್ರಂಕಿಗೆ ನುಸಿಗುಳಿಗೆ ಹಾಕಿ ಮುಚ್ಚಿದ್ದಾಳೆ, ಪುಣ್ಯಾತ್ಗಿತ್ತಿ! ಟ್ರಂಕು ಇದ್ದದ್ದು ಹುಳದ ತಟ್ಟೆಗಳ ಪಕ್ಕದಲ್ಲೇ. ಹುಳ ಇನ್ನೇನು ಗೂಡು ಕಟ್ಟಬೇಕು. ಬೆಳಿಗ್ಗೆ ಎದ್ದು ಸೊಪ್ಪು ಹಾಕಲು ಹೋದರೆ, ಟ್ರಂಕಿನ ಹತ್ತಿರದ ತಟ್ಟೆಗಳಲ್ಲಿ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು.

ಅತ್ತೆ ಮೂಸುತ್ತಾ ಹೋಗಿ ಟ್ರಂಕು ತೆಗೆದರು. "ಯಾವಳೇ ಇದ್ನ ಮಡಗ್ದೋಳು?"

ನಾದಿನಿ ಬಸ್ಸಿಗೆಂದು ತಲೆ ಬಾಚಿಕೊಳ್ಳುತ್ತಿದ್ದಳು. "ನಾನೇ ಕಣವ್ವ. ಮುಚ್ಚಳ ಹಾಕುದ್ರೆ ವಾಸ್ನೆ ಬರಕಿಲ್ಲ ಅನ್ಕಂಡೆ."

"ಇನ್ನು ನೀನು ಬಸ್ಸತ್ತಂಗಿಲ್ಲ. ಕಾರ್ಖಾನೆ ಕಾರ್ಖಾನೆ ಅಂತ ಮನೆ ತೊಳ್ದ್ಬುಟ್ಟೆಯಲ್ಲೇ! ಇವತ್ತೇ ಗಂಡಿನ ಕಡೆಯೋರ್ಗೆ ಹೇಳಿಕಳುಸ್ತೀನಿ."

ಹುಡುಗಿ ಬಾಚಣಿಗೆ ಹಿಡಿದುಕೊಂಡೇ ಕೂತು ಅಳತೊಡಗಿದಳು. ನನಗೆ ಮೈ ಉರಿದುಹೋಯಿತು. ಹಿಂದಿನ ವರ್ಷ ನನ್ನ ಗಂಡ ಟೊಮ್ಯಾಟೊಗೆ ಔಷಧಿ ಹೊಡೆದು, ಕೈಕಾಲು ತೊಳೆಯದೆ ಬಂದು ಹುಳಕ್ಕೆ ಸೊಪ್ಪು ಹಾಕಿ, ಇಡೀ ಬೆಳೆ ಕಳೆದಿದ್ದರು. ಆಗ ಇದೇ ಅತ್ತೆ "ಹೋಗ್ಲಿ ಬುಡು, ಯಾರ್ದೋ ಕಣ್ಣು ಬಿತ್ತು" ಅಂದಿದ್ದರು.

"ಅತ್ತೆ, ಹೋದ್ವರ್ಷ ನಿಮ್ಮಗ ಬೆಳೆನೇ ಕಳುದ್ರಲ್ಲ, ಅವ್ರನ್ನ ಹೊಲಕ್ಕೆ ಹೋಗ್ಬ್ಯಾಡ ಅಂದ್ರಾ? ಗಂಡ್ಮಗ ಮಾಡುದ್ರೆ ಯಾರ್ದೋ ಕಣ್ಣು, ಹೆಣ್ಮಗಳು ಮಾಡುದ್ರೆ ಕೊಬ್ಬಾ?" ಅಂದೇಬಿಟ್ಟೆ.

ಆ ಮನೆಯಲ್ಲಿ ನಾನು ಹಾಗೆ ಗಂಟಲು ತೆಗೆದದ್ದು ಅದೇ ಮೊದಲು. ಅತ್ತೆ ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಟ್ರಂಕಿನ ಒಂದು ಹಿಡಿಕೆ ತಾವು ಹಿಡಿದು, ಇನ್ನೊಂದನ್ನು ಹಿಡಿ ಅಂತ ನನಗೆ ಕಣ್ಣಲ್ಲೇ ಹೇಳಿದರು. ಹೊತ್ತುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಇಟ್ಟೆವು. ಹತ್ತಿರದ ತಟ್ಟೆಗಳ ಹುಳ ಉಳಿಯುವ ಹಾಗೆ ಕಾಣಲಿಲ್ಲ. ಆಚೆ ಬದಿಯವು, ಸದ್ಯ, ಸೊಪ್ಪಿಗೆ ಬಾಯಿ ಹಾಕುತ್ತಿದ್ದವು. ಅವತ್ತಿನಿಂದ ಯುಗಾದಿ ಹಬ್ಬದವರೆಗೂ ಅತ್ತೆ ನನ್ನ ಜೊತೆ ಮಾತಾಡಲಿಲ್ಲ, ಅದು ಬೇರೆ ವಿಷಯ.

ನಾದಿನಿ ಮಾತ್ರ ಗೋಡೆಗೊರಗಿ ಅಳುತ್ತಲೇ ಇದ್ದಳು. ಅತ್ತೆ ಉಜ್ಜಿ ಉಜ್ಜಿ ಕೈ ತೊಳೆದು ಅಡುಗೆಮನೆಗೆ ಹೋದರು. ಡಬ್ಬಿಗೆ ಚಿತ್ರಾನ್ನ ತುಂಬಿ, ತಂದು ಮಗಳ ಮಡಿಲಲ್ಲಿಟ್ಟರು.

"ಅಳಾದಿದ್ರೆ ಬಸ್ಸಲ್ಲಿ ಕೂತ್ಕಂಡು ಅಳು. ಏಳು, ಹೊತ್ತಾಯ್ತದೆ."