ತಂಗಿಯ ಮಗಳ ಕೋರೆಹಲ್ಲು

ಹಲ್ಲಪ್ಪ ಅನ್ನುವುದು ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದೀಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದುಕೊಂಡಿದೆ. ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಒಬ್ಬರೇ ಹತ್ತಬಹುದಾದ ಮೆಟ್ಟಿಲು, ಮೇಲೆ ಎರಡು ಕೋಣೆ. ಅಲ್ಲಿ ಕೂತು ಅವನು ಮೂವತ್ತೊಂದು ವರ್ಷದಿಂದ ಜನರಿಗೆ ಹಲ್ಲು ಕಟ್ಟುತ್ತಿದ್ದಾನೆ.

ಅವನು ಡಾಕ್ಟರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಹಲ್ಲು ಕಟ್ಟಿಸಿಕೊಂಡವರು ಕನ್ನಡಿ ಮುಂದೆ ನಿಂತು, ಡಾಕ್ಟರು ಏನು ಚೆನ್ನಾಗಿ ಕಟ್ಟಿದ್ದಾರೆ ಅಂತ ಹಿಗ್ಗುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಡಾಕ್ಟರು ಮಾಡುವುದು ಬಾಯಿಯ ಅಚ್ಚು ತೆಗೆದು, ಒಂದು ಚೀಟಿ ಅಂಟಿಸಿ, ಈ ಮೆಟ್ಟಿಲು ಹತ್ತಿಸಿ ಕಳಿಸುವುದು, ಅಷ್ಟೇ. ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು ದವಡೆ ಎಬ್ಬಿಸುವವನು ಇವನು. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವವನು ಇವನು. ತಿಕ್ಕಿ, ತೀಡಿ, ಹೊಳಪು ಕೊಟ್ಟು ಡಬ್ಬಿಗೆ ಹಾಕುವವನೂ ಇವನೇ. ಹೊಗಳಿಕೆ ಡಾಕ್ಟರಿಗೆ, ಪುಡಿ ಇವನ ಮೂಗಿಗೆ.

ಊರಿನ ಅರ್ಧ ಬಾಯಿಗಳು ಪ್ಲಾಸ್ಟರ್ ಆಗಿ, ಪೆನ್ಸಿಲ್ ನಂಬರ್ ಹೊತ್ತು, ಅವನ ಕಪಾಟಿನಲ್ಲಿ ಕೂತಿದ್ದವು. ಆದರೆ ತಾನು ಕಟ್ಟಿದ ಹಲ್ಲು ಜೀವಂತ ಬಾಯಲ್ಲಿ ಮಾತಾಡುವುದನ್ನು, ನಗುವುದನ್ನು ಅವನು ಒಂದು ಸಲವೂ ಕಂಡಿರಲಿಲ್ಲ. ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬ ಹೆಂಗಸು ನಕ್ಕಳು. ಇದು ನಂದೇ ಇರಬೇಕು ಅನ್ನಿಸಿ, ಖಾತ್ರಿ ಮಾಡಿಕೊಳ್ಳಲು ಪಾಪ ಎರಡು ಬೀದಿ ಅವಳ ಹಿಂದೆ ನಡೆದ. ಆಕೆ ತಿರುಗಿ ನಿಂತು ಛತ್ರಿ ಎತ್ತಿದಳು. ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡದ್ದು ಇನ್ನೂ ದೊಡ್ಡ ತಪ್ಪಾಯಿತು. ಆಕೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನವಳು, ಗಾಜಿನ ಆಚೆಗಿನ ಇಪ್ಪತ್ತು ಜನಕ್ಕೆ ಒಂದೇ ಉಸಿರಿಗೆ ಕೇಳಿಸುವ ಗಂಟಲು. ಛತ್ರಿಯ ಕತೆ ವಾರದೊಳಗೆ ಕೊನೆಯ ಬಸ್ಸಿನ ಡ್ರೈವರಿಗೂ ಗೊತ್ತಾಗಿತ್ತು.

ಈ ಹಲ್ಲಪ್ಪನಿಗೆ ಒಬ್ಬಳೇ ತಂಗಿ, ತಂಗಿಗೆ ಒಬ್ಬಳೇ ಮಗಳು. ಹುಡುಗಿಗೆ ಇಪ್ಪತ್ತಾರು. ಹಗಲು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗುತ್ತಾಳೆ, ಸಂಜೆ ಗಾತ್ ಬ್ಯಾಂಡಿನಲ್ಲಿ ಹಾಡುತ್ತಾಳೆ. ಗಾತ್ ಅಂದರೆ ಏನು ಅಂತ ಹಲ್ಲಪ್ಪ ಕೇಳಿ ತಿಳಿದುಕೊಂಡಿದ್ದ. ಕಪ್ಪು ಬಟ್ಟೆ, ಕಪ್ಪು ತುಟಿ, ಕಣ್ಣಿನ ಸುತ್ತ ಕಾಡಿಗೆಯ ಕೆರೆ, ಹಾಡಿನ ತುಂಬ ಸಮಾಧಿ, ಮಂಜು, ಮುರಿದ ಪ್ರೀತಿ. ಕೇಳಿದವರು ಹೆದರಬೇಕು, ಆದರೆ ಆ ಬ್ಯಾಂಡಿನವರಷ್ಟು ಸಾಧು ಪ್ರಾಣಿಗಳನ್ನು ನಾನಂತೂ ನೋಡಿಲ್ಲ. ಡ್ರಮ್ ಬಾರಿಸುವವನು ಕೋಳಿ ಆಹಾರದ ಅಂಗಡಿಯ ಗುಮಾಸ್ತ, ಕೀಬೋರ್ಡಿನವಳು ಮಕ್ಕಳ ವಾರ್ಡಿನ ನರ್ಸ್. ಗಿಟಾರಿನವನು ಲಿಫ್ಟ್ ರಿಪೇರಿಯವನು, ಯಾರೇ ಎದುರಾದರೂ ಮೊದಲು ಊಟ ಆಯ್ತಾ ಅಂತ ಕೇಳುತ್ತಾನೆ.

ಎಂಟು ತಿಂಗಳ ಹಿಂದೆ ಈ ಲಿಫ್ಟಿನವನೇ ಹಾಡಿನ ಅಮಲಿನಲ್ಲಿ ಗಿಟಾರ್ ಸಮೇತ ಗಿರಕಿ ಹೊಡೆದ. ಗಿಟಾರಿನ ಕತ್ತು ಹುಡುಗಿಯ ಬಾಯಿಗೆ ಬಡಿಯಿತು. ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಮತ್ತು ಅದರ ಪಕ್ಕದ್ದು, ಎರಡೂ ಹೋದವು. ಅವನು ಅತ್ತು ಅತ್ತು ಸಾಯುವಂತಾದ, ಅವಳೇ ಸಮಾಧಾನ ಮಾಡಬೇಕಾಯಿತು.

ಅವತ್ತಿನಿಂದ ಹುಡುಗಿಯ ಬಾಯಿಗೆ ಕೈ ಅಡ್ಡ ಬಂದದ್ದು ಇಳಿಯಲೇ ಇಲ್ಲ. ಮಾತಾಡಿದರೆ ಕೈ, ನಗು ಬಂದರೆ ಕೈ. ಹಾಡುವುದನ್ನಂತೂ ಬಿಟ್ಟೇಬಿಟ್ಟಳು. ಹಲ್ಲು ಕಟ್ಟಿಸಿಕೋ ಅಂದರೆ, ಈ ವಯಸ್ಸಿಗೇ ಕಟ್ಟಿದ ಹಲ್ಲಾ, ನೋಡಿದವರಿಗೆಲ್ಲ ಗೊತ್ತಾಗುತ್ತೆ ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಂಗಿ ಬಂದು ಅಣ್ಣನ ಮುಂದೆ ಕಣ್ಣೀರು ಹಾಕಿದಳು. ಬ್ಯಾಂಡಿನವರು ಕಾದರು, ಕಾದರು, ಕೊನೆಗೆ ತಲೆ ಬಗ್ಗಿಸಿಕೊಂಡು ಬಂದು ಹೇಳಿದರು: ಭೂತ ಪಿಶಾಚಿ ವೇಷ ಹಾಕಿ ಕುಣಿಯುವ ಹ್ಯಾಲೋವೀನ್ ಪಾರ್ಟಿಗೆ ಒಂದು ಕ್ಲಬ್ಬಿನವರು ಕರೆದಿದ್ದಾರೆ, ಅವತ್ತು ನೀನು ಹಾಡದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳದೆ ನಮಗೆ ಗತಿಯಿಲ್ಲ.

ಮಾರನೆಯ ದಿನ ಅವಳು ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು.

"ಹೇಗೂ ಸುಳ್ಳು ಹಲ್ಲೇ ಹಾಕ್ಕೋಬೇಕು ಅಂದ್ಮೇಲೆ ಪೂರ್ತಿ ಸುಳ್ಳೇ ಇರ್ಲಿ ಮಾವ," ಅಂದಳು ಕೈ ಅಡ್ಡ ಹಿಡಿದುಕೊಂಡೇ. "ರಕ್ತ ಹೀರೋ ಪಿಶಾಚಿಗೆ ಇರುತ್ತಲ್ಲ, ಅಂಥ ಉದ್ದ ಕೋರೆ ಮಾಡಿಕೊಡು, ಎರಡೂ ಕಡೆ. ಅವತ್ತು ಎಲ್ಲರೂ ವೇಷ ಹಾಕ್ಕೊಂಡೇ ಬರ್ತಾರೆ. ಪಿಶಾಚಿ ಹಲ್ಲು ನೋಡ್ತಾರೆ, ನನ್ನ ಹಲ್ಲು ಯಾರೂ ನೋಡಲ್ಲ."

ಹಲ್ಲಪ್ಪ ಆಗಲಿ ಅಂದ. ಪರಿಚಯದ ಡಾಕ್ಟರ ಹತ್ತಿರ ಅಚ್ಚು ತೆಗೆಸಿದ, ಪ್ಲಾಸ್ಟರ್ ಹುಯ್ದ, ಮೇಣದಲ್ಲಿ ಹೆಬ್ಬೆರಳಿನ ಉಗುರಿಗಿಂತ ಉದ್ದದ ಕೋರೆ ಕೂರಿಸಿದ. ನೋಡಿದರೆ ತುಟಿ ಉಬ್ಬುತ್ತದೆ ಅನ್ನಿಸಿತು, ಸ್ವಲ್ಪ ಕೆರೆದ. ಕೆಳಗಿನ ಹಲ್ಲಿಗೆ ತಾಗುತ್ತದೆ ಅನ್ನಿಸಿತು, ಇನ್ನೊಂದು ಚೂರು ಕೆರೆದ. ತುದಿ ತುಂಬ ಚೂಪಾಯಿತು, ನಾಲಿಗೆ ಕೊಯ್ದುಕೊಂಡಾಳು ಹುಡುಗಿ, ಮೊಂಡು ಮಾಡಿದ. ಮೂವತ್ತೊಂದು ವರ್ಷ ಕೈಗೆ ಕಲಿಸಿದ್ದು ಒಂದೇ ಪಾಠ, ಕಟ್ಟಿದ ಹಲ್ಲು ಅಂದರೆ ಯಾರ ಕಣ್ಣಿಗೂ ಬೀಳಬಾರದು. ಆ ಕೈ ಇವನ ಮಾತನ್ನೆಲ್ಲಿ ಕೇಳುತ್ತದೆ? ಬಲಗಡೆಯ ಹಲ್ಲನ್ನು ನೋಡಿ ನೋಡಿ ಎಡಗಡೆಗೆ ಅದರ ಜೋಡಿ ಮಾಡಿತು. ಬಣ್ಣವನ್ನೂ ಹಾಗೇ ಹೊಂದಿಸಿತು. ತಂಗಿಗೂ ಅವಳ ಮಗಳಿಗೂ ಕೋರೆಹಲ್ಲು ಕೊಂಚ ಒಳಕ್ಕೆ ತಿರುಗಿದೆ, ಆ ತಿರುವನ್ನೂ ಬಿಡಲಿಲ್ಲ. ಎಡಗಡೆ ಇಷ್ಟು ಚೆಂದ ಬಂದ ಮೇಲೆ ಬಲಗಡೆಯ ಅವಳದೇ ಹಲ್ಲಿಗೆ ಉದ್ದ ಕೋರೆಯ ಟೋಪಿ ತೊಡಿಸುವ ವಿಷಯ ಅವನಿಗೆ ನೆನಪಾಗಲೇ ಇಲ್ಲ.

ಪಾರ್ಟಿಯ ದಿನ ಸಂಜೆ ಹೊಳಪು ಕೊಟ್ಟು ಬಟ್ಟಲಲ್ಲಿಟ್ಟಿದ್ದ. ಕರೆದುಕೊಂಡು ಹೋಗಲು ಬಂದ ಹೆಂಡತಿ ಬಗ್ಗಿ ನೋಡಿದಳು.

"ರೀ, ಇದು ಪಿಶಾಚಿ ಹಲ್ಲಾ? ಮದುವೆಗೆ ಹೋಗೋ ಹಲ್ಲು ಇದು," ಅಂದಳು.

ಆಗ ಅವನಿಗೆ ತಾನು ಮಾಡಿದ ಘನಕಾರ್ಯ ಕಂಡಿತು. ಹಣೆ ಚಚ್ಚಿಕೊಂಡ. ಹೊಸದು ಮಾಡಲು ಹೊತ್ತಿರಲಿಲ್ಲ. ಹಲ್ಲನ್ನು ಡಬ್ಬಿಗೆ ಹಾಕಿ, ಜೊತೆಗೆ ಹಲ್ಲಿನ ಬಣ್ಣದ ಮೇಣದ ಒಂದು ಗಟ್ಟಿ, ಸಣ್ಣ ಚಾಕು, ಲೈಟರ್ ಕಿಸೆಗೆ ತುರುಕಿಕೊಂಡು ಇದ್ದ ಬಟ್ಟೆಯಲ್ಲೇ ಓಡಿದ.

ಹಳೇ ಪ್ರಿಂಟಿಂಗ್ ಪ್ರೆಸ್ಸಿನ ನೆಲಮಾಳಿಗೆಯೇ ಕ್ಲಬ್ಬು. ನೂರು ಜನ ನಿಂತರೆ ನೂರೊಂದನೆಯವನು ಉಸಿರು ಬಿಗಿಹಿಡಿಯಬೇಕು. ಬಾಗಿಲಲ್ಲಿ ಎಲುಬಿನ ಚಿತ್ರದ ಅಂಗಿ ತೊಟ್ಟವನೊಬ್ಬ, ವೇಷ ಇಲ್ಲದವರಿಗೆ ಪ್ರವೇಶವಿಲ್ಲ ಅಂತ ಎಲ್ಲರನ್ನೂ ತಡೆಯುತ್ತಿದ್ದ. ಹಲ್ಲಪ್ಪನನ್ನು ನೋಡಿದ್ದೇ ಸರಕ್ಕನೆ ದಾರಿ ಬಿಟ್ಟ. ಮೊಣಕಾಲವರೆಗಿನ ಬಿಳಿ ಕೋಟು, ತಲೆ ಹುಬ್ಬುಗಳ ಮೇಲೆಲ್ಲ ಪ್ಲಾಸ್ಟರ್ ಪುಡಿ, ಎದೆ ಕಿಸೆಯಲ್ಲಿ ಮರೆತು ಉಳಿದು ಇಣುಕುವ ಒಂದು ಪ್ಲಾಸ್ಟರ್ ದವಡೆ. ಒಳಗೆ ಇಬ್ಬರು ಮಾಟಗಾತಿಯರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಹೆಣ ಕೊಯ್ಯುವ ಡಾಕ್ಟರ್ ವೇಷ ಸಖತ್ತಾಗಿದೆ ಅಂದರು. ಜೀವಮಾನದಲ್ಲಿ ಮೊದಲ ಸಲ ಅವನನ್ನು ಜನ ಡಾಕ್ಟರ್ ಅಂದದ್ದು, ಅದೂ ಹೆಣ ಕೊಯ್ಯುವವನು ಅಂತ. ಹೆಂಡತಿ ಟಿಕೆಟ್ ಕೌಂಟರಿನ ಕೋಟಿನಲ್ಲೇ ಬಂದಿದ್ದಳು. ನೀವೇನು ವೇಷ ಅಂತ ಕೇಳಿದವರಿಗೆ, ಚಿಲ್ಲರೆ ಇಲ್ಲ ಅನ್ನೋ ಭೂತ ಅಂದಳು.

ವೇದಿಕೆಯ ಹಿಂದೆ ಬಾಟಲಿ ಕ್ರೇಟುಗಳ ನಡುವೆ ಹುಡುಗಿ ಕೂತಿದ್ದಳು. ಡಬ್ಬಿ ತೆರೆದು, ಹಲ್ಲು ಹಾಕಿಕೊಂಡು, ಕೈಗನ್ನಡಿ ನೋಡಿದಳು. ನೋಡಿದವಳ ಮುಖ ಬಿಗಿದುಕೊಂಡಿತು.

"ನಾನು ಕೇಳಿದ್ದು ಇದಲ್ಲ ಮಾವ. ಇದು ಹಲ್ಲು. ಬರೀ ಹಲ್ಲು. ಇದನ್ನ ಹಾಕ್ಕೊಂಡು ಹೋದ್ರೆ ಜನ ನನ್ನನ್ನೇ ನೋಡ್ತಾರೆ."

ತಪ್ಪಾಯ್ತು ಕಂದ, ಹತ್ತು ನಿಮಿಷ ಕೊಡು ಅಂದ ಹಲ್ಲಪ್ಪ. ಲೈಟರಿನ ಬೆಂಕಿಗೆ ಮೇಣ ಹಿಡಿದು, ಎರಡು ಕೋರೆಗಳಿಗೂ ಉದ್ದನೆಯ ತುದಿ ತೀಡಿ ಅಂಟಿಸಿದ. ಕೆಟ್ಟ ಕೆಲಸ, ಅವನ ಲೆಕ್ಕದಲ್ಲಿ ನಾಚಿಕೆಗೇಡಿನ ಕೆಲಸ. ಆದರೆ ದೂರದಿಂದ ನೋಡಿದರೆ ಪಕ್ಕಾ ಪಿಶಾಚಿ. ಹುಡುಗಿ ಕನ್ನಡಿ ನೋಡಿ ಉಸಿರು ಬಿಟ್ಟಳು, ಎದ್ದು ಹೋದಳು.

ದೀಪ ಆರಿತು. ಮಂಜಿನ ಯಂತ್ರ ಕೆಮ್ಮಿಕೊಂಡು ಒಂದಿಷ್ಟು ಹೊಗೆ ಬಿಟ್ಟಿತು. ಕೋಳಿ ಆಹಾರದವನು ಡ್ರಮ್ಮಿಗೆ ಬಡಿದ ಏಟಿಗೆ ಹಲ್ಲಪ್ಪನ ಕೋಟಿನಿಂದ ಪುಡಿ ಉದುರಿತು. ಹುಡುಗಿ ಕೋರೆ ತೋರಿಸಿ ಬುಸ್ ಅಂದಳು, ಜನ ಹೋ ಅಂದರು. ಎಂಟು ತಿಂಗಳಾದ ಮೇಲೆ ಅವಳ ದನಿ ಎದ್ದಿತು. ಕತ್ತಲೆಗೆ ಕರೆಯುವ ಹಾಡು, ಗೋರಿಯೊಳಗೆ ಒಬ್ಬರಿಗೊಬ್ಬರು ಕಾಗದ ಬರೆಯುವವರ ಹಾಡು. ಇಷ್ಟು ದುಃಖದ ಹಾಡಿಗೆ ಜನ ಇಷ್ಟು ಖುಷಿಯಾಗಿ ಕುಣಿಯುವುದನ್ನು ಕಂಡು ಹಲ್ಲಪ್ಪನಿಗೆ ಮೊದಲು ಗಾಬರಿ, ಆಮೇಲೆ ತನ್ನ ಕಾಲೂ ತಾಳ ಹಾಕುತ್ತಿದೆಯಲ್ಲ ಅಂತ ನಾಚಿಕೆ.

ಎರಡನೆಯ ಹಾಡಿನ ನಡುವೆ ಅವಳು ಒಂದು ಸ್ವರ ಹಿಡಿದು ಎಳೆದಳು. ಬಾಯಿ ಅಗಲವಾಗಿ ತೆರೆದಿತ್ತು, ಅದರ ಮೇಲೇ ಕೆಂಪು ದೀಪ. ಬಲಗಡೆಯ ಕೋರೆ ಮೆಲ್ಲಗೆ ವಾಲಿ ಮೈಕಿನ ಮೇಲೆ ಬಿತ್ತು. ಎಡಗಡೆಯದು ಬಾಗಿ ತುಟಿಗೆ ಮೆತ್ತಿಕೊಂಡಿತು.

ಹಲ್ಲಪ್ಪನಿಗೆ ಆಗ ಹೊಳೆಯಿತು. ಮೂವತ್ತೊಂದು ವರ್ಷ ಅವನು ಕೈಯಾಡಿಸಿದ ಬಾಯಿಗಳೆಲ್ಲ ಪ್ಲಾಸ್ಟರ್ ಬಾಯಿಗಳು, ತಣ್ಣಗಿನ ಬಾಯಿಗಳು. ಅವುಗಳಲ್ಲಿ ಮೇಣ ವರ್ಷಗಟ್ಟಲೆ ನಿಂತಿರುತ್ತದೆ. ಹಾಡುವ ಬಾಯಿ ಬಿಸಿಯಾಗಿರುತ್ತದೆ ಅನ್ನುವ ಸಣ್ಣ ವಿಷಯ ಈ ಮಹಾನ್ ಕಸುಬುದಾರನ ತಲೆಗೆ ಬಂದಿರಲೇ ಇಲ್ಲ.

ಹಾಡು ನಿಂತಿತು. ಹುಡುಗಿಯ ಕೈ ಹಾರಿ ಬಾಯಿಗೆ ಅಡ್ಡ ಬಂತು, ಕೂದಲು ಮುಖಕ್ಕೆ ಇಳಿಯಿತು. ಲಿಫ್ಟಿನವನು ಗಾಬರಿಯಿಂದ ಅದೇ ಒಂದು ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸತೊಡಗಿದ. ಜನ ಕತ್ತು ಚಾಚಿ ನೋಡುತ್ತಿದ್ದರು. ಅವಳು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು, ಇನ್ನೊಂದು ಇಟ್ಟಳು. ಇವತ್ತು ಇಳಿದುಹೋದರೆ ಇನ್ನು ಮೇಲೆ ಹತ್ತುವುದಿಲ್ಲ ಅನ್ನುವುದು ಹಲ್ಲಪ್ಪನಿಗೆ ಗೊತ್ತಿತ್ತು. ಎಲ್ಲ ನನ್ನಿಂದಲೇ ಹಾಳಾಯಿತು ಅಂದುಕೊಂಡ.

ಆಗ ಪಕ್ಕದಿಂದ, ಇಪ್ಪತ್ತು ಜನಕ್ಕೆ ಕೇಳಿಸುವ ಆ ಗಂಟಲು ನೂರು ಜನದ ಮೇಲೆ ಹಾದುಹೋಯಿತು.

"ಲೇ ಹುಡುಗಿ, ಹೋಗಿದ್ದು ಮೇಣ ಕಣೇ. ಹಲ್ಲು ಬಾಯಲ್ಲೇ ಇದೆ, ಹಾಡು!"

ಮುಂದಿನ ಸಾಲಿನ ಮಾಟಗಾತಿಯೊಬ್ಬಳು ಕಿಸಕ್ಕನೆ ನಕ್ಕಳು, ಅದು ಹಿಂದಿನ ಸಾಲಿಗೆ ಹಬ್ಬಿತು, ಡ್ರಮ್ಮಿನವನು ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡ. ವೇದಿಕೆಯ ಮೇಲೆ ಹುಡುಗಿಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡ ಹಲ್ಲಪ್ಪ. ಅವಳು ನಗುತ್ತಿದ್ದಳು. ಅತ್ತೆಯ ಗಂಟಲು ಅವಳಿಗೆ ಚಿಕ್ಕಂದಿನಿಂದ ಗೊತ್ತು, ಅದನ್ನು ಇಂಥ ಜಾಗದಲ್ಲಿ ಕೇಳಿ ತಡೆಯಲಾಗಲಿಲ್ಲ. ತುಟಿಗೆ ಅಂಟಿದ್ದ ಮೇಣವನ್ನು ಕಿತ್ತು ಎಸೆದಳು. ಆ ಕೈ ಮತ್ತೆ ಬಾಯಿಗೆ ಹೋಗಲಿಲ್ಲ, ಮೈಕಿಗೆ ಹೋಯಿತು. ನಗು ಇನ್ನೂ ಮುಗಿಯದೆಯೇ ಬಿಟ್ಟ ಸ್ವರವನ್ನು ಹಿಡಿದಳು.

ಹಲ್ಲಪ್ಪ ನೋಡಿದ. ಎಡಗಡೆಯ ಎರಡು ಹಲ್ಲು ಉಳಿದವುಗಳ ಜೊತೆ ನಗುತ್ತಿದ್ದವು, ಎದ್ದು ಬೀಳುವ ನಾಲಿಗೆಗೆ ಜಾಗ ಬಿಡುತ್ತಿದ್ದವು, ದೀಪ ಬಿದ್ದಾಗ ಒದ್ದೆಯಾಗಿ ಹೊಳೆಯುತ್ತಿದ್ದವು. ನೂರು ಜನರಲ್ಲಿ ಒಬ್ಬರಾದರೂ ಅವುಗಳ ಕಡೆ ಬೊಟ್ಟು ಮಾಡಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಅವಳು ನೋಡಿಸಿಕೊಳ್ಳುತ್ತಿದ್ದಳು. ಹಲ್ಲಪ್ಪನ ಕಣ್ಣಿಂದ ನೀರು ಇಳಿದು ಪ್ಲಾಸ್ಟರ್ ಪುಡಿಯಲ್ಲಿ ಎರಡು ದಾರಿ ಮಾಡಿತು. ಹೆಂಡತಿ ತನ್ನ ಕರ್ಚೀಫು ಕೊಟ್ಟು, ಒರೆಸ್ಕೊಳ್ಳಿ, ಇನ್ನೂ ಆರು ಹಾಡಿದೆಯಂತೆ ಅಂದಳು.

ಎಲ್ಲ ಮುಗಿದ ಮೇಲೆ ಅವಳು ಬೆವರು ಒರೆಸಿಕೊಳ್ಳುತ್ತ ಇವರ ಹತ್ತಿರ ಬಂದಳು. ಹಲ್ಲಪ್ಪ ಸುಮ್ಮನಿರಲಾರದೆ ಬಾಯಿ ತೆಗಿ ನೋಡೋಣ ಅಂದ. ಅವಳು ಅಷ್ಟು ಜನರ ನಡುವೆ, ಟ್ಯೂಬ್‌ಲೈಟಿನ ಕೆಳಗೆ, ತಲೆ ಹಿಂದಕ್ಕೆ ಮಾಡಿ ಆ ಅಂತ ಬಾಯಿ ತೆರೆದಳು. ಒಳಗಡೆ, ಹಲ್ಲು ಕೂರಿಸಿದ ಪ್ಲೇಟು ಉಜ್ಜಿದ ಕಡೆ ಒಸಡು ಕೊಂಚ ಕೆಂಪಾಗಿತ್ತು. ಪ್ಲಾಸ್ಟರ್ ದವಡೆ ಇಂಥದ್ದನ್ನು ಅವನಿಗೆ ಯಾವತ್ತೂ ಹೇಳಿರಲಿಲ್ಲ.

"ಒಂದು ಕೂದಲೆಳೆಯಷ್ಟು ತೀಡಬೇಕು. ನಾಳೆ ಬಾ," ಅಂದ.

"ಒಳಗಡೆ ಎಷ್ಟು ಬೇಕಾದ್ರೂ ತೀಡು ಮಾವ," ಅಂದಳು ಅವಳು. "ಮುಂದುಗಡೆ ಮಾತ್ರ ಮುಟ್ಟಬೇಡ. ಅದು ನಂದು."